ಮ್ಯಾಗ್ನೆಟ್ ಕಾಯಿಲ್ ಕೈಕೊಡುವ ಮೊದಲು: ಹಳೆಯ ಬುಲೆಟ್ಟಿನ ಆಲ್ಟರ್ನೇಟರ್ ಆರೈಕೆ

ನನ್ನ ಬುಲೆಟ್ 1999ರದು. ಎರಕದ ಕಬ್ಬಿಣದ ಸಿಲಿಂಡರಿನ 350, ಹನ್ನೆರಡು ವೋಲ್ಟ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಅಪ್ಪ ಕೊಂಡದ್ದು, ನನ್ನ ಕೈಗೆ ಬಂದದ್ದು. ಓಡೋಮೀಟರು ಒಮ್ಮೆ ಪೂರ್ತಿ ಸುತ್ತಿ ಸೊನ್ನೆಗೆ ಬಂದು, ಮತ್ತೆ ಮೂವತ್ತೆಂಟು ಸಾವಿರ ದಾಟಿದೆ. ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಪಶುವೈದ್ಯ. ಕರು ಹಾಕಲಾರದೆ ಹಸು ಒದ್ದಾಡುತ್ತಿದೆ ಎಂದು ಕರೆ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಮಳೆ ನಿಲ್ಲಲಿ, ಮಂಜು ಸರಿಯಲಿ ಎಂದು ಕಾಯುತ್ತ ಕೂರುವಂತಿಲ್ಲ.

ಒಂಬತ್ತು ವರ್ಷದ ಹಿಂದೆ, ಜುಲೈ ತಿಂಗಳ ಒಂದು ರಾತ್ರಿ ಬಣಕಲ್ ದಾಟಿ ಕೊಟ್ಟಿಗೆಹಾರದ ಕಡೆ ಹೋಗುತ್ತಿದ್ದೆ. ಹೆಡ್‌ಲೈಟು ಮೊದಲು ಹಳದಿಯಾಯಿತು, ಆಮೇಲೆ ಕೆಂಪಗೆ ಕೆಂಡದ ಹಾಗಾಯಿತು. ಹಾರನ್ನಿನ ದನಿ ಕಟ್ಟಿತು. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಮುಗ್ಗರಿಸಿ ನಿಂತೇಬಿಟ್ಟಿತು. ಈ ಗಾಡಿಗಳಲ್ಲಿ ಕಿಡಿ ಹುಟ್ಟುವುದು ಬ್ಯಾಟರಿಯ ಬಲದಿಂದ. ಬ್ಯಾಟರಿ ಬರಿದಾದರೆ ಎಷ್ಟು ಕಿಕ್ ಹೊಡೆದರೂ ಪ್ರಯೋಜನವಿಲ್ಲ. ನಾನು ತಲುಪುವ ಹೊತ್ತಿಗೆ ಬೆಳಗಿನ ಜಾವವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಮರುದಿನ ಚೈನ್‌ಕೇಸ್ ಬಿಚ್ಚಿದಾಗ ಕರೆಂಟು ಹುಟ್ಟಿಸುವ ಕಾಯಿಲಿನಿಂದ ಹೊರಡುವ ತಂತಿಯನ್ನು ಪ್ರೈಮರಿ ಚೈನು (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು) ಸವರಿ ಸವರಿ ತಾಮ್ರದವರೆಗೆ ತಿಂದಿರುವುದು ಕಂಡಿತು. ಅದು ಒಂದು ರಾತ್ರಿಯ ಕೆಲಸವಲ್ಲ. ಒಂದು ತಿಂಗಳಿಂದ ಇಂಡಿಕೇಟರು ನಿಧಾನವಾಗಿ ಮಿನುಗುತ್ತಿತ್ತು, ಆ್ಯಂಪಿಯರ್ ಮೀಟರಿನ ಮುಳ್ಳು ನಡುವಿನಿಂದ ಬಲಕ್ಕೆ ಸರಿಯುತ್ತಲೇ ಇರಲಿಲ್ಲ. ನಾನು ನೋಡಿದ್ದೆ, ಗಮನಿಸಿರಲಿಲ್ಲ.

ಅಂದಿನಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಬೇಕಾಗುವುದು ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಸೆಟ್ ಸ್ಪ್ಯಾನರು, ಒಂದು ನೋಟ್‌ಪುಸ್ತಕ. ಇವುಗಳಲ್ಲಿ ನೋಟ್‌ಪುಸ್ತಕವೇ ಮುಖ್ಯ. ಹಸುವಿನ ಮೈ ಬಿಸಿ ಸಹಜವಾಗಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂದು ಗೊತ್ತಿರುವುದರಿಂದಲೇ 104 ಕಂಡಾಗ ನಾನು ಎಚ್ಚರಗೊಳ್ಳುತ್ತೇನೆ. ಗಾಡಿಗೂ ಅಷ್ಟೇ. ಅದು ಚೆನ್ನಾಗಿರುವಾಗಿನ ಅಂಕಿ ನಿಮ್ಮ ಬಳಿ ಇಲ್ಲದಿದ್ದರೆ, ಕೆಟ್ಟಾಗ ಸಿಗುವ ಅಂಕಿಗೆ ಅರ್ಥವೇ ಇರುವುದಿಲ್ಲ.

ಮೊದಲು ಏನು ಎಲ್ಲಿದೆ ಎಂದು ತಿಳಿದುಕೊಳ್ಳಿ. ನಮ್ಮ ಮೇಸ್ತ್ರಿಗಳು ಮ್ಯಾಗ್ನೆಟ್ ಎನ್ನುವುದು ರೋಟರನ್ನು. ಅದು ಎಡಬದಿಯ ಚೈನ್‌ಕೇಸಿನೊಳಗೆ ಕ್ರ್ಯಾಂಕಿನ ತುದಿಯಲ್ಲಿ ಕೂತು ಎಂಜಿನ್ ಜೊತೆ ತಿರುಗುತ್ತದೆ. ಅದರ ಸುತ್ತ ಮೂರು ಸ್ಟಡ್‌ಗಳ ಮೇಲೆ ಅಲುಗಾಡದೆ ನಿಂತಿರುವುದು ಸ್ಟೇಟರ್, ಅಂದರೆ ಕಾಯಿಲ್. ಇವೆರಡೂ ಸೇರಿದ್ದೇ ಆಲ್ಟರ್ನೇಟರ್. ಅಲ್ಲಿ ಹುಟ್ಟುವ ಎಸಿ ಕರೆಂಟನ್ನು ಆರ್‌ಆರ್ ಯೂನಿಟ್ಟು (ರೆಗ್ಯುಲೇಟರ್-ರೆಕ್ಟಿಫೈಯರ್) ಡಿಸಿಗೆ ಬದಲಿಸಿ, ಮಿತಿಯಲ್ಲಿಟ್ಟು, ಬ್ಯಾಟರಿಗೆ ಕೊಡುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಸಡಿಲವಾದರೂ ಹೊರಗೆ ಕಾಣುವ ಲಕ್ಷಣ ಒಂದೇ: ಬ್ಯಾಟರಿ ಇಳಿಯುವುದು. ಹಾಗಾಗಿ ಬ್ಯಾಟರಿ ಕೆಟ್ಟಿದೆ ಎಂದು ಹೊಸದು ಕೊಂಡು ಹಾಕಿ, ಎರಡು ತಿಂಗಳಿಗೆ ಅದನ್ನೂ ಕಳೆದುಕೊಂಡವರು ಬಹಳ ಮಂದಿ.

ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು, ಬ್ಯಾಟರಿಯ ಎರಡು ಟರ್ಮಿನಲ್ಲಿಗೆ ಮೀಟರ್ ಹಿಡಿಯುತ್ತೇನೆ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. 12.4 ಇದ್ದರೆ ಕಾಲುಭಾಗ ಖಾಲಿಯಾಗಿದೆ ಎಂದು ಲೆಕ್ಕ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜರಿಗೆ ಹಾಕಿ, ಪೂರ್ತಿ ತುಂಬಿದ ಮೇಲೆ ಮುಂದಿನ ಪರೀಕ್ಷೆ. ಬರಿದಾದ ಬ್ಯಾಟರಿ ಇಟ್ಟುಕೊಂಡು ಅಳೆದರೆ ಬರುವುದೆಲ್ಲ ಸುಳ್ಳು ಅಂಕಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಮೀಟರ್ ಅಲ್ಲೇ ಇರಲಿ. ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್ ಇಲ್ಲದ ಗಾಡಿಯಾದ್ದರಿಂದ ನಾನು ಕಿವಿಯನ್ನೇ ನಂಬುತ್ತೇನೆ: ಟಾಪ್ ಗೇರಿನಲ್ಲಿ ಐವತ್ತರಲ್ಲಿ ಓಡುವಾಗಿನ ಸದ್ದು ಬರುವಷ್ಟು ಆಕ್ಸಿಲರೇಟರ್ ಕೊಟ್ಟರೆ 13.8ರಿಂದ 14.5ರೊಳಗೆ ನಿಲ್ಲಬೇಕು. ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ. ಐಡಲಿನಲ್ಲಿ ದೀಪ ಹಾಕಿದಾಗ ವೋಲ್ಟೇಜು ತುಸು ಇಳಿಯುವುದು ಈ ಗಾಡಿಗಳ ಸ್ವಭಾವ, ಅದಕ್ಕೆ ಹೆದರಬೇಡಿ. ಆದರೆ ಆಕ್ಸಿಲರೇಟರ್ ಏರಿಸಿದಂತೆ 15 ದಾಟಿ ಹೋಗುತ್ತಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಅದು ಆರ್‌ಆರ್ ಯೂನಿಟ್ಟು ಹದ ತಪ್ಪಿದ ಗುರುತು. ಬಲ್ಬು ಸುಡುತ್ತದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಮಾತ್ರ ಎಂದೂ ಕಳಚಬೇಡಿ. "ಬ್ಯಾಟರಿ ತೆಗೆದರೂ ಗಾಡಿ ಓಡಿದರೆ ಚಾರ್ಜಿಂಗ್ ಸರಿಯಿದೆ" ಎಂದು ಪರೀಕ್ಷೆ ಮಾಡಿ ತೋರಿಸುವವರು ಇಂದಿಗೂ ಇದ್ದಾರೆ. ಆ ಒಂದು ಕ್ಷಣದಲ್ಲಿ ಏರುವ ವೋಲ್ಟೇಜು ಒಳ್ಳೆಯ ಆರ್‌ಆರ್ ಯೂನಿಟ್ಟನ್ನೇ ಕೊಲ್ಲಬಲ್ಲದು.

ಹೆಡ್‌ಲೈಟಿನ ಮೇಲಿರುವ ಆ್ಯಂಪಿಯರ್ ಮೀಟರನ್ನು ಬಹಳ ಜನ ಅಲಂಕಾರವೆಂದು ತಿಳಿದಿದ್ದಾರೆ. ನಾನು ಅದನ್ನು ನಾಡಿ ಎನ್ನುತ್ತೇನೆ. ಬ್ಯಾಟರಿಗೆ ಕರೆಂಟು ಹೋಗುತ್ತಿದ್ದರೆ ಮುಳ್ಳು ಬಲಕ್ಕೆ, ಬ್ಯಾಟರಿಯಿಂದ ಹೊರಡುತ್ತಿದ್ದರೆ ಎಡಕ್ಕೆ. ಓಡುವಾಗ ಒಂದೇ ಸಮ ಎಡಕ್ಕೇ ನಿಂತರೆ ನಿಮ್ಮ ಬಳಿ ಇರುವುದು ಬ್ಯಾಟರಿಯಲ್ಲಿ ಉಳಿದಷ್ಟು ದಾರಿ ಮಾತ್ರ. ಆದರೆ ಇದೇ ಮೀಟರು ಒಂದು ದುರ್ಬಲ ಕೊಂಡಿಯೂ ಹೌದು. ಬ್ಯಾಟರಿಯ ಕರೆಂಟು ಅದರ ಹಿಂದಿನ ಎರಡು ಟರ್ಮಿನಲ್ಲುಗಳ ಮೂಲಕವೇ ಸಾಗಬೇಕು, ಬುಲೆಟ್ಟಿನ ನಡುಕಕ್ಕೆ ಅವು ಸಡಿಲವಾಗುತ್ತವೆ. ವರ್ಷಕ್ಕೊಮ್ಮೆ ಹೆಡ್‌ಲೈಟ್ ಬಿಚ್ಚಿ ಕೈ ಹಾಕಿ ಬಿಗಿ ಮಾಡಿ. ಮುಳ್ಳು ಕಾರಣವಿಲ್ಲದೆ ಕುಣಿಯುತ್ತಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಲಿ.

ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ತಂತಿಗಳನ್ನು ಕೂಡಿಸುವ ಪ್ಲಾಸ್ಟಿಕ್ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತೇನೆ. ನಮ್ಮ ಕಡೆಯ ಮಳೆಗೆ ಸಿಕ್ಕಿದ ಯಾವ ಜೋಡಣೆಯೂ ಒಣಗಿರುವುದಿಲ್ಲ. ಕಾಯಿಲಿನ ತಂತಿಗಳು ಆರ್‌ಆರ್ ಯೂನಿಟ್ಟಿಗೆ ಕೂಡುವ ಕಪ್ಲರನ್ನು ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಬಿಳಿ ಪ್ಲಾಸ್ಟಿಕ್ಕು ಒಂದು ತೂತಿನ ಸುತ್ತ ಮಾತ್ರ ಕಂದುಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ಪಿನ್ನು ಸರಿಯಾಗಿ ಕಚ್ಚಿಕೊಂಡಿಲ್ಲ, ಕಾದು ಕಾದು ಸುಡುತ್ತಿದೆ ಎಂದರ್ಥ. ಆ ಪಿನ್ನನ್ನು ಕಿತ್ತು ಹೊಸದು ಕ್ರಿಂಪ್ ಮಾಡಿಸಿ. ಕಪ್ಲರ್ ಕರಗಿದ್ದರೆ ಕಪ್ಲರನ್ನೇ ಬದಲಿಸಿ. ತಂತಿಗಳನ್ನು ಬೆಸೆದು ಮೇಲೆ ಟೇಪು ಸುತ್ತುವ ಕೆಲಸಕ್ಕೆ ಒಪ್ಪಬೇಡಿ. ಮಳೆಗಾಲದಲ್ಲಿ ಟೇಪಿನೊಳಗೆ ನೀರು ನಿಂತು ತಾಮ್ರ ಹಸಿರಾಗುತ್ತದೆ. ಹಸಿರು ಹಿಡಿದ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಸದ ಗ್ರೀಸ್) ಸವರಿ ಕೂಡಿಸಿ.

ಕಪ್ಲರ್ ಬಿಚ್ಚಿರುವಾಗಲೇ ಕಾಯಿಲನ್ನೂ ಪರೀಕ್ಷಿಸಬಹುದು. ಮೀಟರನ್ನು ಓಮ್‌ಗೆ ತಿರುಗಿಸಿ, ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಬರೆದುಕೊಳ್ಳಿ. ಅದು ಮೀಟರಿನ ತಂತಿಗಳದ್ದೇ ತಡೆ, ಆಮೇಲೆ ಕಳೆಯಬೇಕು. ಕಾಯಿಲಿನ ಜೋಡಿ ತಂತಿಗಳ ನಡುವೆ ಬರುವುದು ತೀರಾ ಸಣ್ಣ ಅಂಕಿ. ತಂತಿಗಳ ಬಣ್ಣವೂ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಬೇರೆಯಾದ್ದರಿಂದ, ನಿಮ್ಮ ಗಾಡಿಯ ಕಳೆದ ವರ್ಷದ ಅಂಕಿಯ ಜೊತೆ ಹೋಲಿಸುವುದೇ ಸರಿಯಾದ ದಾರಿ. ಮುಂದೆ ಒಂದು ಮೊನೆಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಇನ್ನೊಂದನ್ನು ಪ್ರತಿ ತಂತಿಗೂ ಮುಟ್ಟಿಸಿ. ಮೀಟರು ಏನನ್ನೂ ತೋರಿಸಬಾರದು. ತೋರಿಸಿದರೆ ಸುರುಳಿಯ ಹೊದಿಕೆ ಹೋಗಿದೆ. ಈ ಪರೀಕ್ಷೆಯನ್ನು ತಣ್ಣಗಿರುವಾಗ ಒಮ್ಮೆ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬಿಸಿ ಆರುವ ಮೊದಲು ಇನ್ನೊಮ್ಮೆ ಮಾಡಿ. ತಣ್ಣಗೆ ಪಾಸಾಗಿ ಬಿಸಿಯಲ್ಲಿ ಫೇಲಾಗುವ ಕಾಯಿಲುಗಳೇ ನಡುರಾತ್ರಿ ಕೈಕೊಡುವುದು.

ಎರಡು ವರ್ಷಕ್ಕೊಮ್ಮೆ ಚೈನ್‌ಕೇಸ್ ಬಿಚ್ಚುವುದು ಒಳ್ಳೆಯದು. ಬ್ಯಾಟರಿಯ ಮೈನಸ್ ತಂತಿ ತೆಗೆದು, ಸೆಂಟರ್ ಸ್ಟ್ಯಾಂಡ್ ಹಾಕಿ, ಎಡ ಫುಟ್‌ರೆಸ್ಟನ್ನೂ ಬ್ರೇಕ್ ಪೆಡಲನ್ನೂ ದಾರಿಯಿಂದ ಸರಿಸಿ. ಕವರನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಕೆಳಗೆ ಅಗಲವಾದ ಟ್ರೇ ಇಟ್ಟೇ ಬಿಚ್ಚಿ, ಕವರ್ ಸಡಿಲವಾದ ಕೂಡಲೇ ಆಯಿಲ್ ಸುರಿಯುತ್ತದೆ. ಒಳಗೆ ಮೊದಲು ಕಾಯಿಲಿನ ತಂತಿಯನ್ನು ನೋಡಿ, ನನ್ನ ಕರೆಂಟು ಹೋದದ್ದು ಅಲ್ಲೇ. ಚೈನಿನಿಂದ ದೂರ ಇರುವಂತೆ ಅದನ್ನು ಹಿಡಿದಿಟ್ಟಿದ್ದಾರೆಯೇ, ಹೊರಗೆ ಹೋಗುವ ತೂತಿನ ರಬ್ಬರು ಮೆತ್ತಗಿದೆಯೇ, ತಂತಿಯ ಹೊದಿಕೆ ಬಾಗಿಸಿದರೆ ಒಣ ಹಪ್ಪಳದಂತೆ ಬಿರಿಯುತ್ತದೆಯೇ. ಬಿರಿದರೆ ಹೊಸ ಸ್ಲೀವ್ ಹಾಕಿಸಿ.

ಆಮೇಲೆ ರೋಟರಿಗೂ ಸ್ಟೇಟರಿಗೂ ನಡುವಿನ ಸಂದು. ಅದು ಸುತ್ತಲೂ ಸುಮಾರು 0.2 ಮಿಲಿಮೀಟರ್ ಇರಬೇಕು, ಎಲ್ಲೂ ತಾಗಬಾರದು. ಸಂದು ಅಳೆಯುವ ಉಕ್ಕಿನ ತೆಳು ಪಟ್ಟಿ, ಅಂದರೆ ಫೀಲರ್ ಗೇಜನ್ನು ಅಯಸ್ಕಾಂತ ಎಳೆದುಕೊಳ್ಳುವುದರಿಂದ ಅಳತೆ ಕಷ್ಟ. ನಾನು ಬಳಸುವುದು ಅಮ್ಮನ ಮೊಣಕಾಲಿನ ಹಳೆಯ ಎಕ್ಸ್-ರೇ. ಆ ಫಿಲ್ಮಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಬೆರಳಗಲದ ಪಟ್ಟಿ ಕತ್ತರಿಸಿ, ಸಂದಿನೊಳಗೆ ತೂರಿಸಿ, ಸ್ಪಾರ್ಕ್ ಪ್ಲಗ್ ತೆಗೆದು ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತುತ್ತ ಕಾಲು ಸುತ್ತಿಗೊಮ್ಮೆ ನೋಡುತ್ತ ಹೋಗುತ್ತೇನೆ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಸ್ಟೇಟರಿನ ಮೂರು ನಟ್ಟುಗಳನ್ನು ಸಡಿಲಿಸಿ, ರೋಟರಿನ ಸುತ್ತ ಫಿಲ್ಮನ್ನು ಬಳೆಯಂತೆ ಸುತ್ತಿ, ಸ್ಟೇಟರನ್ನು ಅದರ ಮೇಲೆ ಕೂರಿಸಿ, ನಟ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಫಿಲ್ಮನ್ನು ಎಳೆದುಬಿಡಬೇಕು. ಸಲೀಸಾಗಿ ಬಂದರೆ ಸಂದು ಸರಿಯಾಗಿದೆ. ಎಷ್ಟು ಸರಿಮಾಡಿದರೂ ರೋಟರಿನ ಮೈಮೇಲೆ ಒಂದೇ ಕಡೆ ಹೊಳೆಯುವ ಉಜ್ಜಿದ ಗುರುತು ಮತ್ತೆ ಮತ್ತೆ ಬರುತ್ತಿದ್ದರೆ ಕ್ರ್ಯಾಂಕ್ ಬೇರಿಂಗಿನ ಕಡೆ ನೋಡಬೇಕು. ಅದು ಮೇಸ್ತ್ರಿಯ ಕೆಲಸ.

ರೋಟರಿಗೆ ಮೆತ್ತಿಕೊಂಡ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಿ. ಅದು ಚೈನು ಸವೆದ ಪುಡಿ. ಹೆಚ್ಚಿದ್ದರೆ ಚೈನನ್ನು ಪರೀಕ್ಷಿಸಿ. ರೋಟರಿನ ನಟ್ಟು ಬಿಗಿಯಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಅದು ಸಡಿಲವಾದರೆ ರೋಟರನ್ನು ಕ್ರ್ಯಾಂಕಿಗೆ ಕಚ್ಚಿಸುವ ಸಣ್ಣ ಲೋಹದ ಕೀಲಿ ಸವೆದು, ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗು) ಹೋಯಿತೇನೋ ಎನ್ನುವಂಥ ಸದ್ದು ಬರುತ್ತದೆ. ಆ ಸದ್ದಿಗೆ ಮೋಸಹೋಗಿ ಇಡೀ ಎಂಜಿನ್ ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ.

ಆರ್‌ಆರ್ ಯೂನಿಟ್ಟಿಗೆ ಬೇಕಾದದ್ದು ಗಾಳಿ. ಅದರ ರೆಕ್ಕೆಗಳಲ್ಲಿ ತುಂಬಿದ ಕೆಸರನ್ನು ಬ್ರಶ್ಶಿನಿಂದ ತೆಗೆಯಿರಿ, ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆದು ಬಿಗಿಯಾಗಿ ಕೂರಿಸಿ. ಬ್ಯಾಟರಿಯ ಮೈನಸ್ ತಂತಿ ಫ್ರೇಮಿಗೆ ಕೂಡುವ ಜಾಗಕ್ಕೂ ಇದೇ ಉಪಚಾರ.

ಹೆಚ್ಚುವರಿ ದೀಪ ಹಾಕಿಸುವ ಮೊದಲು ಒಂದು ಲೆಕ್ಕ ಮಾಡಿ. ನೂರು ವ್ಯಾಟಿನ ಬಲ್ಬು ಹನ್ನೆರಡು ವೋಲ್ಟಿನಲ್ಲಿ ಎಂಟು ಆ್ಯಂಪಿಯರ್ ಮೀರಿ ಎಳೆಯುತ್ತದೆ. ಇಪ್ಪತ್ತೈದು ವರ್ಷ ದುಡಿದ ಕಾಯಿಲಿನ ಮೇಲೆ ಅಷ್ಟು ಭಾರ ಹೇರುವುದು ನನಗೆ ಒಪ್ಪಿಗೆಯಿಲ್ಲ. ಮಂಜಿಗೆ ನಾನು ಹಾಕಿಸಿದ್ದು ಸಣ್ಣ ಎಲ್‌ಇಡಿ, ಅದನ್ನೂ ಬೇಕಾದಾಗ ಮಾತ್ರ ಹಚ್ಚುತ್ತೇನೆ.

ಕವರ್ ಹಾಕುವಾಗ ರಬ್ಬರ್ ರಿಂಗು ಕೂರುವ ಕಾಲುವೆಯನ್ನು ಸ್ವಚ್ಛವಾಗಿ ಒರೆಸಿ, ರಿಂಗು ಗಟ್ಟಿಯಾಗಿದ್ದರೆ ಹೊಸದು ಹಾಕಿ. ನಡುವಿನ ನಟ್ಟನ್ನು ಪೂರ್ತಿ ಬಲ ಹಾಕಿ ಬಿಗಿಯಬೇಡಿ, ಕವರ್ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಲೆವೆಲ್ ಸ್ಕ್ರೂ ಬಿಚ್ಚಿಟ್ಟು, ಅಲ್ಲಿಂದ ಆಯಿಲ್ ಜಿನುಗುವವರೆಗೆ ಮೇಲಿನಿಂದ ತುಂಬಿ, ಜಿನುಗು ನಿಂತ ಮೇಲೆ ಸ್ಕ್ರೂ ಹಾಕಿ. ಮೈನಸ್ ತಂತಿ ಕೂಡಿಸಿ, ಕಿಕ್ ಹೊಡೆದು, ಟರ್ಮಿನಲ್ಲಿಗೆ ಮೀಟರ್ ಹಿಡಿಯಿರಿ. ಕಳೆದ ಮೇ ತಿಂಗಳಲ್ಲಿ ನನ್ನ ನೋಟ್‌ಪುಸ್ತಕಕ್ಕೆ ಬಂದ ಅಂಕಿ: ದೀಪ ಇಲ್ಲದೆ 14.2, ದೀಪ ಹಾಕಿ 13.9.