ಎಂಟು ಗಂಟೆಯ ಕಾರ್ಟಿಸಾಲ್: ನನ್ನ ಅನುಭವ

ಹಾಸನದ ಖಾಸಗಿ ಲ್ಯಾಬೊಂದರಲ್ಲಿ ತಂತ್ರಜ್ಞನಾಗಿರುವ ನನಗೆ, ಕಾರ್ಟಿಸಾಲ್ ಪರೀಕ್ಷೆಯಲ್ಲಿ ಯಂತ್ರದಷ್ಟೇ ರೋಗಿಯೊಡನೆ ಆಡುವ ನಾಲ್ಕು ಮಾತೂ ಮುಖ್ಯವೆಂದು ತಿಳಿದದ್ದು ನನ್ನದೇ ತಪ್ಪಿನಿಂದ.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಬರುವ ಈ ಹಾರ್ಮೋನು ಬೆಳಗಿನ ಜಾವ ಏರಿ, ಸಂಜೆ ಇಳಿದು, ಮಧ್ಯರಾತ್ರಿಯ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆಯುತ್ತೇವೆ. ಆ ಹೊತ್ತಿಗೆ ಡೆಸಿಲೀಟರಿಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ ಇರುವುದು ವಾಡಿಕೆ. ಮಿತಿಗಳು ಪರೀಕ್ಷಾ ವಿಧಾನಕ್ಕೆ ತಕ್ಕಂತೆ ಬದಲಾಗುತ್ತವೆ. ಸಮಯ ಬರೆಯದ ಟ್ಯೂಬಿನ ಫಲಿತಾಂಶವನ್ನು ಯಾವ ವೈದ್ಯರೂ ಸರಿಯಾಗಿ ಅರ್ಥೈಸಲಾರರು. ರಾತ್ರಿ ಪಾಳಿಯಲ್ಲಿ ದುಡಿಯುವವರಲ್ಲಿ ಈ ಏರಿಳಿತವೇ ಬೇರೆಯಾಗಿರಬಹುದಾದ್ದರಿಂದ ಅದನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯಿಂದ ಮೊದಲ ಬಸ್ಸಿಗೆ ಅಜ್ಜಿಯೊಬ್ಬರು ಬಂದಿದ್ದರು. ವಿಪರೀತ ಸುಸ್ತು, ಎದ್ದು ನಿಂತರೆ ತಲೆಸುತ್ತು. ಹೊತ್ತಿಗೆ ಸರಿಯಾಗಿ ರಕ್ತ ತೆಗೆದೆ, ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ದ್ರವವಾದ ಸೀರಂ ಬೇರ್ಪಡಿಸಿದೆ, ಯಂತ್ರ ಸರಿಯಿದೆಯೇ ಎಂದು ನೋಡುವ ಆ ದಿನದ ಕಂಟ್ರೋಲ್ ಮಾದರಿಗಳೂ ಸರಿಯಾಗಿದ್ದವು. 19 ಎಂದು ಬಂತು, ರಿಪೋರ್ಟ್ ಕೊಟ್ಟೆ. ಕಾರ್ಟಿಸಾಲ್ ಕೊರತೆಯಂತಿದ್ದ ರೋಗಲಕ್ಷಣಕ್ಕೆ ಅದು ಹೊಂದುತ್ತಿಲ್ಲವೆಂದು ವೈದ್ಯರು ಫೋನ್ ಮಾಡಿದಾಗಲೇ ನಾನು ಅಜ್ಜಿಯನ್ನು ವಿಚಾರಿಸಿದ್ದು. ಅವರು ಸೆರಗಿನ ಗಂಟು ಬಿಚ್ಚಿ, ಮಾಸಿದ ಮಾತ್ರೆ ಹಾಳೆಯೊಂದನ್ನು ನನ್ನ ಮುಂದಿಟ್ಟರು: ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಕೀಲುನೋವಿಗೆಂದು ವರ್ಷಗಟ್ಟಲೆ ನುಂಗುತ್ತಿದ್ದರು. ಅಂದು ನಸುಕಿನಲ್ಲೂ ಕಾಫಿಯೊಡನೆ ನುಂಗಿಯೇ ಬಸ್ ಹತ್ತಿದ್ದರು.

ಪ್ರೆಡ್ನಿಸೊಲೋನಿನ ರಚನೆ ಕಾರ್ಟಿಸಾಲನ್ನು ಬಹಳವಾಗಿ ಹೋಲುತ್ತದೆ. ಕಾರ್ಟಿಸಾಲನ್ನು ಗುರುತಿಸಿ ಅಂಟಿಕೊಳ್ಳಲೆಂದು ಪರೀಕ್ಷೆಗೆ ಬಳಸುವ ಪ್ರತಿಕಾಯಗಳಲ್ಲಿ ಅನೇಕವು ಇವೆರಡನ್ನು ಪೂರ್ತಿ ಬೇರ್ಪಡಿಸಲಾರದೆ ಮಾತ್ರೆಯನ್ನೂ ಹಾರ್ಮೋನಿನ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಇತ್ತ ಅದೇ ಮಾತ್ರೆ ದೀರ್ಘಕಾಲ ದೇಹಕ್ಕೆ ಸೇರುತ್ತಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಪ್ರಚೋದನೆ ಕುಗ್ಗಿ, ಅಡ್ರಿನಲ್ ತಾನಾಗಿ ಕಾರ್ಟಿಸಾಲ್ ತಯಾರಿಸುವುದನ್ನು ತಗ್ಗಿಸುತ್ತದೆ. ಒಳಗೆ ಕೊರತೆಯಿದ್ದರೂ ನನ್ನ ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ಗರ್ಭನಿರೋಧಕ ಮಾತ್ರೆಗಳದ್ದು ಬೇರೆ ದಾರಿ: ಅವುಗಳಲ್ಲಿ ಹಲವುಗಳಲ್ಲಿರುವ ಈಸ್ಟ್ರೋಜನ್ ಹಾರ್ಮೋನು ಕಾರ್ಟಿಸಾಲನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಒಟ್ಟು ಮೊತ್ತ ಏರಿ ಕಾಣುತ್ತದೆ.

ಇಂಥ ಮಾತ್ರೆಯನ್ನು ರೋಗಿಯಾಗಲಿ ಲ್ಯಾಬಿನವರಾಗಲಿ ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ನಿಂತರೆ ಪ್ರಾಣಕ್ಕೇ ಅಪಾಯ. ಯಾವ ಹೊತ್ತಿನ ಮಾತ್ರೆಯನ್ನು ಎಷ್ಟು ಮುಂದೂಡಬೇಕೆಂದು ವೈದ್ಯರೇ ಬರೆದುಕೊಟ್ಟ ಮೇಲೆ ಅಜ್ಜಿ ಇನ್ನೊಂದು ದಿನ ಬಂದರು. ಬಾಗಿಲಲ್ಲೇ, ‘ಇವತ್ತು ಇನ್ನೂ ನುಂಗಿಲ್ಲ ಕಣಪ್ಪಾ’ ಎಂದು ಹಾಳೆ ಎತ್ತಿ ತೋರಿಸಿದರು. ಟ್ಯೂಬಿನ ಮೇಲೆ 8.10 ಎಂದು ಬರೆದೆ. ರಕ್ತ ತೆಗೆದ ಕೂಡಲೇ ಮಾತ್ರೆ ಕೊಡಬೇಕೆಂಬ ಸೂಚನೆಯಿತ್ತು. ನೀರಿನ ಲೋಟ ಕೈಗಿತ್ತು, ಅವರು ನುಂಗಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತೆ. ಈ ಬಾರಿ ಬಂದದ್ದು 2.1. ರಿಪೋರ್ಟ್ ಮುದ್ರಿಸುವುದಕ್ಕೂ ಮೊದಲೇ ವೈದ್ಯರಿಗೆ ಫೋನ್ ಮಾಡಿದೆ.