ವಾಣಿಜ್ಯ ಎಸಿಯ ವಿದ್ಯುತ್ ಬಳಕೆ: ಅಂದಾಜು ಮಾಡುವುದು ಹೇಗೆ?

ಎಸಿಯ ಸಾಮರ್ಥ್ಯವನ್ನು ಟನ್ನುಗಳಲ್ಲಿ ಹೇಳುವಾಗ ನಮಗೆ ತಿಳಿಯುವುದು ಅದು ಒಳಗಿನಿಂದ ಹೊರಹಾಕಬಲ್ಲ ಉಷ್ಣದ ಪ್ರಮಾಣವೇ ಹೊರತು, ಅದು ಎಳೆಯುವ ವಿದ್ಯುತ್ತಲ್ಲ. ಒಂದು ಟನ್ ಎಂದರೆ 3.517 ಕಿಲೋವಾಟ್ ಉಷ್ಣ. ಇದನ್ನೇ ವಿದ್ಯುತ್ ಬಳಕೆಯೆಂದು ಹಿಡಿದರೆ ಅಂದಾಜು ಮೂರು ಪಟ್ಟಿಗೂ ಹೆಚ್ಚಾಗಬಹುದು.

ಆದ್ದರಿಂದ ಮೊದಲು ಯಂತ್ರದ ದಕ್ಷತೆಯನ್ನು ತಿಳಿಯಬೇಕು. ತಯಾರಕರ ವಿವರಪಟ್ಟಿಯಲ್ಲಿ ಇದು ಸಿಒಪಿ ಅಥವಾ ಇಇಆರ್ ಎಂಬ ಹೆಸರಿನಲ್ಲಿರುತ್ತದೆ; ಹೊರಹಾಕಿದ ಉಷ್ಣವನ್ನು ಅದಕ್ಕೆ ಬಳಸಿದ ವಿದ್ಯುತ್ತಿನಿಂದ ಭಾಗಿಸಿದಾಗ ಸಿಗುವ ಅಂಕಿ ಇದು. ಇಇಆರ್ ಅನ್ನು ಬಿಟಿಯು (ಉಷ್ಣದ ಇನ್ನೊಂದು ಅಳತೆ) ಲೆಕ್ಕದಲ್ಲಿ ಕೊಟ್ಟಿದ್ದರೆ 3.412ರಿಂದ ಭಾಗಿಸಿದಾಗ ಸಿಒಪಿ ಸಿಗುತ್ತದೆ. 10 ಟನ್ನಿನ ಯಂತ್ರದ ಸಿಒಪಿ 3.2 ಎಂದಿಟ್ಟುಕೊಳ್ಳೋಣ. 35.17 ಅನ್ನು 3.2ರಿಂದ ಭಾಗಿಸಿದರೆ ಸುಮಾರು 11 ಕಿಲೋವಾಟ್ ಬರುತ್ತದೆ. ಇದು ನಿಗದಿತ ಪರೀಕ್ಷಾ ಸ್ಥಿತಿಯ ಅಂಕಿ. ಹೊರಗಿನ ಬಿಸಿ ಅದನ್ನು ಮೀರಿದಾಗ ಅಥವಾ ಉಷ್ಣವನ್ನು ಹೊರಗೆ ಬಿಡುವ ಕಂಡೆನ್ಸರಿನಲ್ಲಿ ಧೂಳು ಕಟ್ಟಿದಾಗ ಅಷ್ಟೇ ತಂಪಿಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಎರಡನೆಯದಾಗಿ, ಆ ಅಂಕಿಯಲ್ಲಿ ಯಾವ ಯಾವ ಮೋಟಾರುಗಳು ಸೇರಿವೆ ಎಂದು ನೋಡಬೇಕು. ನೀರಿನಿಂದ ತಣಿಸುವ ಚಿಲ್ಲರಿನ (ದೊಡ್ಡ ಕಟ್ಟಡಗಳಿಗೆ ತಣ್ಣೀರು ಒದಗಿಸುವ ಯಂತ್ರ) ದಕ್ಷತೆಯಲ್ಲಿ ಸಾಮಾನ್ಯವಾಗಿ ಪಂಪುಗಳು, ಕೂಲಿಂಗ್ ಟವರಿನ ಫ್ಯಾನು, ಗಾಳಿ ಹಂಚುವ ಬ್ಲೋವರುಗಳು ಸೇರಿರುವುದಿಲ್ಲ. ಇವು ತಪ್ಪಿಹೋಗುವುದೇ ಹೆಚ್ಚು, ಆದರೆ ಕಂಪ್ರೆಸರ್ ನಿಂತಾಗಲೂ ಬ್ಲೋವರ್ ಓಡುತ್ತಿರಬಹುದಾದ್ದರಿಂದ ತಿಂಗಳ ಮೊತ್ತದಲ್ಲಿ ಇವುಗಳ ಪಾಲು ಚಿಕ್ಕದಲ್ಲ.

ಮೂರನೆಯದು ಕಾಲ. ಅಂದಾಜು ನಿಜಕ್ಕೂ ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಯಂತ್ರ ಹತ್ತು ಗಂಟೆ ಚಾಲನೆಯಲ್ಲಿದ್ದರೂ ಅಷ್ಟೂ ಹೊತ್ತು ಪೂರ್ಣ ಹೊರೆಯನ್ನು ಹೊರುವುದಿಲ್ಲ. ಸರಾಸರಿ ಹೊರೆ 60 ಶೇಕಡಾ ಎಂದು ಭಾವಿಸಿದರೆ, ಮೇಲಿನ ಯಂತ್ರ ದಿನಕ್ಕೆ 11 × 10 × 0.6, ಅಂದರೆ 66 ಯೂನಿಟ್ ಬಳಸುತ್ತದೆ. ಲೆಕ್ಕದಲ್ಲಿ ಸೇರದ 1.5 ಕಿಲೋವಾಟಿನ ಬ್ಲೋವರ್ ಆ ಹತ್ತು ಗಂಟೆಯೂ ಬಿಡುವಿಲ್ಲದೆ ಓಡಿದರೆ ಇನ್ನೂ 15 ಯೂನಿಟ್ ಕೂಡಿ, ಒಟ್ಟು 81 ಆಗುತ್ತದೆ. ಹೊರೆಗೆ ತಕ್ಕಂತೆ ಕಂಪ್ರೆಸರಿನ ವೇಗ ಬದಲಿಸುವ ಇನ್ವರ್ಟರ್ ಯಂತ್ರಗಳು ಅರೆಹೊರೆಯಲ್ಲಿ ಹೆಚ್ಚು ದಕ್ಷವಾಗಿರುವುದರಿಂದ ಅವುಗಳ ನಿಜವಾದ ಬಳಕೆ ಈ ನೇರ ಗುಣಾಕಾರಕ್ಕಿಂತ ಕಡಿಮೆಯಿರಬಹುದು. ಫ್ಯಾನಿನ ವಿಷಯದಲ್ಲಂತೂ ಉಳಿತಾಯ ಬೆರಗು ಹುಟ್ಟಿಸುವಂಥದ್ದು: ಅದು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು 80 ಶೇಕಡಾಕ್ಕೆ ಇಳಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ವಿವರಪಟ್ಟಿ ಸಿಗದಿದ್ದರೆ ಅಳತೆಯೇ ದಾರಿ. ತ್ರೀ ಫೇಸ್ ಯಂತ್ರದಲ್ಲಿ 1.732 (ಮೂರರ ವರ್ಗಮೂಲ), ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ (ವೋಲ್ಟೇಜ್ ಮತ್ತು ಕರೆಂಟ್ ಸೇರಿ ತೋರುವ ಶಕ್ತಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಈ ನಾಲ್ಕನ್ನೂ ಗುಣಿಸಬೇಕು. 400 ವೋಲ್ಟ್, 19 ಆಂಪಿಯರ್, 0.85 ಪವರ್ ಫ್ಯಾಕ್ಟರ್ ಇದ್ದರೆ ಸುಮಾರು 11.2 ಕಿಲೋವಾಟ್ ಆಗುತ್ತದೆ. ಕ್ಲ್ಯಾಂಪ್ ಮೀಟರಿನಿಂದ ಕರೆಂಟ್ ಅಳೆಯುವ ಕೆಲಸವನ್ನು ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ಗೇ ಬಿಡಿ. ಯಂತ್ರದ ಫಲಕದಲ್ಲಿರುವ ಗರಿಷ್ಠ ಫ್ಯೂಸ್ ಅಥವಾ ಕನಿಷ್ಠ ಸರ್ಕಿಟ್ ಆಂಪಿಯರ್ ಅಂಕಿಯನ್ನು ಮಾತ್ರ ಈ ಸೂತ್ರಕ್ಕೆ ಹಾಕಬೇಡಿ: ಅವು ತಂತಿ ಮತ್ತು ರಕ್ಷಣಾ ಸಾಧನಗಳ ಆಯ್ಕೆಗಾಗಿ ಕೊಟ್ಟವು, ನಿಜವಾದ ಬಳಕೆಗಿಂತ ಹೆಚ್ಚಿರುತ್ತವೆ.

ಕೊನೆಗೆ, ಎಸಿಗೆಂದೇ ಪ್ರತ್ಯೇಕ ಎನರ್ಜಿ ಮೀಟರ್ ಇದ್ದರೆ ಒಂದು ವಾರದ ರೀಡಿಂಗನ್ನು ಅಂದಾಜಿನ ಪಕ್ಕದಲ್ಲಿಟ್ಟು, ವ್ಯತ್ಯಾಸ ಕಂಡಲ್ಲಿ ಮೊದಲು ಸರಾಸರಿ ಹೊರೆಯ ಶೇಕಡಾವಾರನ್ನು ತಿದ್ದಿಕೊಳ್ಳಿ. ಆ ವಾರದ ಹವೆಯನ್ನೂ ಬರೆದಿಟ್ಟುಕೊಂಡರೆ, ಬೇಸಿಗೆಯ ಲೆಕ್ಕವನ್ನು ತಂಪುಗಾಲಕ್ಕೆ ಹಾಗೆಯೇ ಅನ್ವಯಿಸುವ ತಪ್ಪು ಆಗುವುದಿಲ್ಲ.