ಜರ್ಮನಿಯ ಬಾಡಿಗೆ ಮನೆ: ಕೀಲಿ ಕೈಗೆ ಬಂದ ಮೇಲೆ

ಬೆಂಗಳೂರಿನಿಂದ ಸ್ಟುಟ್‌ಗಾರ್ಟಿಗೋ ಮ್ಯೂನಿಕ್‌ಗೋ ಕೆಲಸಕ್ಕೆ ಹೋದವರಿಗೆ ಆಫೀಸಿನಲ್ಲಿ ಅಂಥ ತೊಂದರೆಯಾಗದು. ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ತಪ್ಪಿದರೆ ಹೇಳುವವರೂ ಇರುತ್ತಾರೆ. ಎಡವುವುದು ಬಾಡಿಗೆ ಮನೆಯಲ್ಲಿ. ಅಲ್ಲಿನ ಕಟ್ಟುಪಾಡುಗಳನ್ನು ‘ಹೌಸ್‌ಓರ್ಡ್ನುಂಗ್’ ಎಂಬ ಹಾಳೆಯಲ್ಲಿ ಬರೆದು ಕರಾರಿಗೆ ಲಗತ್ತಿಸಿರುತ್ತಾರೆ. ಸಹಿ ಹಾಕಿದಿರಿ ಎಂದರೆ ಓದಿದ್ದೀರಿ ಎಂದೇ ಲೆಕ್ಕ.

ಕೀಲಿ ಪಡೆಯುವ ದಿನ

ಖಾಲಿ ಮನೆ ಎಂದರೆ ಅಲ್ಲಿ ನಿಜಕ್ಕೂ ಖಾಲಿ. ಎಷ್ಟೋ ಮನೆಗಳಲ್ಲಿ ಸಿಂಕ್, ಒಲೆ, ಕಪಾಟು ಯಾವುದೂ ಇರುವುದಿಲ್ಲ. ದೀಪ ಇರಬೇಕಾದ ಕಡೆ ಎರಡು ವೈರು ನೇತಾಡುತ್ತಿರುತ್ತವೆ. ಕರಾರು ಮಾಡುವ ಮುಂಚೆಯೇ ಅಡುಗೆಮನೆ ಸೇರಿದೆಯೇ ಎಂದು ಕೇಳಿ. ಮುಂಗಡ ಠೇವಣಿ ಮೂರು ತಿಂಗಳ ‘ಕಾಲ್ಟ್‌ಮೀಟೆ’ಯನ್ನು, ಅಂದರೆ ಹೀಟಿಂಗ್ ಮತ್ತಿತರ ಖರ್ಚು ಸೇರದ ಬಾಡಿಗೆಯನ್ನು, ಮೀರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟಲು ಕಾನೂನೇ ಅವಕಾಶ ಕೊಟ್ಟಿದೆ.

ಹಸ್ತಾಂತರದ ಹಾಳೆಗೆ ಸಹಿ ಹಾಕುವ ಮುನ್ನ ನೆಲದ ಗೀರು, ಟೈಲ್ಸಿನ ಬಿರುಕು, ಗೋಡೆಯ ತೂತುಗಳನ್ನು ಒಂದೊಂದಾಗಿ ಬರೆಸಿ, ಫೋಟೋ ತೆಗೆಯಿರಿ. ಕರೆಂಟ್, ಹೀಟಿಂಗ್, ನೀರಿನ ಮೀಟರ್ ಅಂಕಿಗಳೂ ಕೀಲಿಗಳ ಎಣಿಕೆಯೂ ಅದರಲ್ಲಿರಲಿ. ಮುಂಬಾಗಿಲ ಹೊರಗಡೆ ತಿರುಗುವ ಹಿಡಿ ಇರುವುದಿಲ್ಲ, ಗುಂಡಿ ಮಾತ್ರ. ಎಳೆದರೆ ಮುಚ್ಚಿಕೊಳ್ಳುತ್ತದೆ, ಕೀಲಿ ಒಳಗಿದ್ದರೆ ನೀವು ಹೊರಗೆ. ಭಾನುವಾರ ರಾತ್ರಿ ಬೀಗದವನನ್ನು ಕರೆಸಿದರೆ ನೂರಾರು ಯೂರೋ ಹೋಗುತ್ತದೆ. ಇನ್ನೊಂದು ಕೀಲಿಯನ್ನು ಅದೇ ಊರಿನ ಸ್ನೇಹಿತರ ಬಳಿ ಇಡಿ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇದ್ದರೆ, ಕೀಲಿ ಕಳೆದವರಿಂದ ಎಲ್ಲ ಬೀಗ ಬದಲಿಸುವ ಖರ್ಚು ಕೇಳಬಹುದು. ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ‘ಹಾಫ್ಟ್‌ಫ್ಲಿಖ್ಟ್’ ವಿಮೆಯನ್ನು, ಕೀಲಿ ನಷ್ಟವೂ ಸೇರಿದಂತೆ, ಮೊದಲ ವಾರದಲ್ಲೇ ಮಾಡಿಸಿ.

ಅಂಚೆ ಪೆಟ್ಟಿಗೆಯ ಹೆಸರು

ಅಲ್ಲಿ ಫ್ಲಾಟ್ ನಂಬರ್ ಬರೆಯುವ ರೂಢಿ ಇಲ್ಲ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಗೋಜಲಿದೆ. ಊರಿನಲ್ಲಿ ‘ಬಿ. ರಮೇಶ’ ಆಗಿದ್ದವರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಮನೆತನದ ಹೆಸರಿನ ಜಾಗದಲ್ಲಿ ಕೂತಿರುತ್ತದೆ. ಅಲ್ಲಿ ಎಲ್ಲರೂ ಅವರನ್ನು ‘ಹೆರ್ ಬಸವರಾಜ’ (ಶ್ರೀ ಬಸವರಾಜ) ಎಂದು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಬೇರೆಯೇ ಹೆಸರು. ಪಾಸ್‌ಪೋರ್ಟಿನಲ್ಲಿದ್ದಂತೆ ಇಬ್ಬರ ಹೆಸರನ್ನೂ ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿ.

ಮನೆಗೆ ಬಂದ 2 ವಾರದೊಳಗೆ ವಿಳಾಸ ನೋಂದಣಿ, ಅಂದರೆ ‘ಆನ್‌ಮೆಲ್ಡುಂಗ್’ ಆಗಬೇಕು. ಪಾಸ್‌ಪೋರ್ಟ್ ಜೊತೆಗೆ ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ನಡೆಯದು. ತೆರಿಗೆ ಸಂಖ್ಯೆ ಆಮೇಲೆ ಅಂಚೆಯಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಆ ಪತ್ರ ಹಿಂದಿರುಗಿದರೆ ಸಂಬಳದಿಂದ 6ನೇ ವರ್ಗದ ದುಬಾರಿ ತೆರಿಗೆ ಮುರಿದುಕೊಳ್ಳಬಹುದು. ದುಡ್ಡು ಮುಂದೆ ಸಿಗುತ್ತದೆ ನಿಜ, ಆದರೆ ಕೈ ಬಿಗಿಯಾಗಿರುವ ಮೊದಲ ತಿಂಗಳಲ್ಲೇ ಈ ಪೆಟ್ಟು. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ಅದು ಮೋಸದ ಪತ್ರವಲ್ಲ, ಕಟ್ಟಿ.

ಕಿಟಕಿ ಮತ್ತು ಒಗ್ಗರಣೆ

ನಮ್ಮವರ ಠೇವಣಿ ಕರಗುವುದು ಹೆಚ್ಚಾಗಿ ಗೋಡೆಯ ಬೂಷ್ಟಿನಿಂದ. ಕುಕ್ಕರ್ ಹಬೆ, ಬಿಸಿನೀರಿನ ಸ್ನಾನ, ಕೋಣೆಯಲ್ಲೇ ಒಣಗುವ ಬಟ್ಟೆ, ಎಲ್ಲದರ ತೇವವೂ ಒಳಗೇ ಉಳಿಯುತ್ತದೆ. ಗಾಳಿ ತೂರದಂತೆ ಬಿಗಿಯಾಗಿ ಮುಚ್ಚುವ ಕಿಟಕಿಗಳವು. ಆ ತೇವ ಹೊರಗೋಡೆಯ ತಣ್ಣನೆಯ ಮೂಲೆಯಲ್ಲಿ ಹನಿಗಟ್ಟಿ, ಬೀರುವಿನ ಹಿಂದೆ ಕಪ್ಪು ಚುಕ್ಕೆಯಾಗಿ ಹಬ್ಬುತ್ತದೆ. ಕಿಟಕಿಯನ್ನು ಮೇಲ್ಗಡೆ ಮಾತ್ರ ಓರೆ ಮಾಡಿ ದಿನವಿಡೀ ಬಿಡುವುದು ಇದಕ್ಕೆ ಮದ್ದಲ್ಲ. ಸುತ್ತಲಿನ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ.

ಮಾಡಬೇಕಾದ್ದು ಹೀಗೆ: ಹೀಟರಿನ ತಿರುಪನ್ನು ಪೂರ್ತಿ ಇಳಿಸಿ. ಎದುರುಬದುರಿನ ಎರಡು ಕಿಟಕಿಗಳನ್ನು ಅಗಲವಾಗಿ ತೆರೆಯಿರಿ. ಕೊರೆಯುವ ಚಳಿಯಲ್ಲಿ 5 ನಿಮಿಷ, ಉಳಿದಂತೆ 10 ನಿಮಿಷ ಸಾಕು. ಮುಚ್ಚಿ, ಹೀಟರ್ ಮತ್ತೆ ಏರಿಸಿ. ದಿನಕ್ಕೆ ಮೂರು ಸಲ ಹೀಗೆ. ಸ್ನಾನವಾದ ಕೂಡಲೇ ಇನ್ನೊಂದು ಸಲ. ತೇವಮಾಪಕವೊಂದನ್ನು ಕೊಂಡು ಗೋಡೆಗೆ ಹಾಕಿ. ಮುಳ್ಳು 40ರಿಂದ 60 ಶೇಕಡಾದೊಳಗೆ ಇರಲಿ. ಹೊರಗೋಡೆಗೂ ಬೀರುವಿಗೂ ನಡುವೆ ಒಂದು ಗೇಣು ಜಾಗ ಬಿಡಿ.

ಒಲೆಯ ಮೇಲಿನ ಚಿಮಣಿಯನ್ನು ನಂಬಬೇಡಿ. ಬಹಳ ಮನೆಗಳಲ್ಲಿ ಅದು ಗಾಳಿಯನ್ನು ಇದ್ದಿಲಿನಲ್ಲಿ ಸೋಸಿ ಮತ್ತೆ ಒಳಕ್ಕೇ ಬಿಡುತ್ತದೆ. ಒಗ್ಗರಣೆಗೆ ಎಣ್ಣೆ ಕಾಯಿಸುವ ಮೊದಲೇ ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಘಾಟು ಹೋಗಲೆಂದು ಮುಂಬಾಗಿಲು ತೆರೆದರೆ ಅದು ಮೆಟ್ಟಿಲ ಹಾದಿ ಹತ್ತಿ ನಾಲ್ಕು ಮನೆಗೆ ಕೆಮ್ಮು ಹಚ್ಚುತ್ತದೆ. ಕಾರಿಡಾರಿನ ಹೊಗೆ ಗಂಟೆಯನ್ನು ಕಳಚುವುದಾಗಲಿ ಪ್ಲಾಸ್ಟಿಕ್‌ನಿಂದ ಮುಚ್ಚುವುದಾಗಲಿ ಬೇಡವೇ ಬೇಡ.

ಕಸ, ಮೆಟ್ಟಿಲು, ಭಾನುವಾರ

ಬಣ್ಣಗಳು ಊರಿಂದೂರಿಗೆ ಸ್ವಲ್ಪ ಬದಲಾಗುತ್ತವೆ. ಸಾಮಾನ್ಯವಾಗಿ ಹಳದಿಗೆ ಪ್ಯಾಕಿಂಗ್, ನೀಲಿಗೆ ಕಾಗದ, ಕಂದಿಗೆ ಹಸಿ ಕಸ, ಉಳಿದದ್ದು ಕಪ್ಪಿಗೆ. ಅಂಗಡಿಯ ರಸೀದಿ ಕಾಗದದಂತೆ ಕಂಡರೂ ಕಪ್ಪು ಡಬ್ಬಕ್ಕೇ. ಮೊಸರಿನ ಡಬ್ಬಿ ತೊಳೆಯಬೇಕಿಲ್ಲ, ಆದರೆ ಅಲ್ಯುಮಿನಿಯಂ ಮುಚ್ಚಳವನ್ನು ಪೂರ್ತಿ ಕಿತ್ತು ಹಾಕಿ. ಗಾಜನ್ನು ಬೀದಿಯ ತೊಟ್ಟಿಗಳಿಗೆ ಬಿಳಿ, ಕಂದು, ಹಸಿರು ಎಂದು ಬೇರ್ಪಡಿಸಿ ಹಾಕಬೇಕು. ನೀಲಿ ಬಾಟಲಿ ಹಸಿರಿಗೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಕ್ಯಾನಿಗೂ 25 ಸೆಂಟ್ ಠೇವಣಿ ಇರುತ್ತದೆ. ಬಾರ್‌ಕೋಡ್ ಕಾಣದಂತೆ ಜಜ್ಜಿದರೆ ಅಂಗಡಿಯ ಯಂತ್ರ ತೆಗೆದುಕೊಳ್ಳುವುದಿಲ್ಲ.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದಿಲ್ಲದ ಹೊತ್ತು. ಗೋಡೆ ಕೊರೆಯುವಂತಿಲ್ಲ, ಗಾಜಿನ ಬಾಟಲಿ ತೊಟ್ಟಿಗೆ ಎಸೆಯುವಂತಿಲ್ಲ. ಇಡ್ಲಿ ಹಿಟ್ಟನ್ನು ಶನಿವಾರ ಸಂಜೆಯೇ ರುಬ್ಬಿಕೊಳ್ಳಿ, ಗ್ರೈಂಡರ್ ಕೆಳಗೆ ದಪ್ಪ ರಬ್ಬರ್ ಹಾಸಿ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತವೆ. ಹಾಲು, ತರಕಾರಿ ಮೊದಲೇ ತನ್ನಿ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ‘ಕೇರ್‌ವೊಖೆ’ ಎಂಬ ಪಾಳಿ ಇದೆ. ಆ ಫಲಕ ನಿಮ್ಮ ಬಾಗಿಲಿಗೆ ನೇತುಬಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಸರದಿ. ಮುಗಿಸಿ ಮುಂದಿನ ಮನೆಗೆ ದಾಟಿಸಿ.

ಅಪ್ಪ ಅಮ್ಮ ಬಂದಾಗ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಆರು ವಾರ ಮೀರಿ ಇರುವುದಾದರೆ ಮಾಲೀಕರಿಗೆ ಮೊದಲೇ ತಿಳಿಸಿ. ಬಾಲ್ಕನಿಗೆ ನೀರು ಹೊಯ್ದು ತೊಳೆಯುವುದು ಅಮ್ಮಂದಿರ ಅಭ್ಯಾಸ, ಆ ನೀರು ಇಳಿಯುವುದು ಕೆಳಮನೆಯವರ ಮೇಜಿನ ಮೇಲೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಮೆಟ್ಟಿಲಲ್ಲಿ ಎದುರಾದವರಿಗೆ ‘ಹಲೋ’ ಎಂದರೆ ಸಾಕು. ಅಕ್ಕಪಕ್ಕದವರ ಪಾರ್ಸಲ್ ಪಡೆದಿಟ್ಟುಕೊಳ್ಳಲು ಅಂಚೆಯವರು ಕೇಳುತ್ತಾರೆ, ತೆಗೆದುಕೊಳ್ಳಲಿ, ಪರಿಚಯವಾಗುವುದು ಹಾಗೆಯೇ. ನೀವು ಕೆಲಸಕ್ಕೆ ಹೊರಡುವಾಗ ಅಪ್ಪ ಅಮ್ಮನ ಜೇಬಿನಲ್ಲಿ ಒಂದು ಕೀಲಿ ಮತ್ತು ಒಂದು ಚೀಟಿ ಇರಲಿ. ಚೀಟಿಯಲ್ಲಿ ಬೀದಿ, ಮನೆ ನಂಬರ್, ಪೆಟ್ಟಿಗೆಯ ಮೇಲಿರುವ ಹೆಸರು, ನಿಮ್ಮ ಫೋನ್, ಕೊನೆಗೆ ಆಂಬುಲೆನ್ಸ್ ಮತ್ತು ಬೆಂಕಿಗೆ 112, ಪೊಲೀಸರಿಗೆ 110 ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಬರೆದಿಡಿ.